ಹಳೇ ಪೆಟ್ರೋಲ್ ಗಾಡಿಗೆ ಪಿಕಪ್ ಇಲ್ಲ: ಇಂಜೆಕ್ಟರ್ ಕ್ಲೀನರ್ ಹಾಕಿದ್ರೆ ಸಾಕಾ?

ಮೂರನೇಗೇರ್
14 ವರ್ಷದ ಗಾಡಿ, 1.2 ಲೀಟರ್, ನಾಲ್ಕು ಸಿಲಿಂಡರ್, ಮಾಮೂಲಿ ಎಂಪಿಎಫ್ಐ (ಪ್ರತಿ ಸಿಲಿಂಡರಿಗೂ ಪೆಟ್ರೋಲ್ ಸಿಂಪಡಿಸೋ ಒಂದೊಂದು ಇಂಜೆಕ್ಟರ್ ಇರೋ) ಪೆಟ್ರೋಲ್. ಓಡಿರೋದು 1,10,000 ಕಿ.ಮೀ. ಐಡಲ್‌ನಲ್ಲಿ (ಪೆಡಲ್ ಒತ್ತದೆ ನಿಂತಲ್ಲೇ ಓಡುವಾಗ) ಸ್ವಲ್ಪ ನಡುಕ ಇದೆ. ಸಮತಟ್ಟು ರಸ್ತೆಯಲ್ಲಿ ನಿಧಾನಕ್ಕೆ ಹೋದ್ರೆ ಏನೂ ಗೊತ್ತಾಗಲ್ಲ. ದಿಬ್ಬ ಹತ್ತಿಸುವಾಗ ಮೂರನೇ ಗೇರ್‌ನಲ್ಲಿ ಪೆಡಲ್ ಪೂರ್ತಿ ಒತ್ತಿದ್ರೆ 3000 ಆರ್‌ಪಿಎಂ ಹತ್ತಿರ ಉಸಿರು ಕಟ್ಟಿದ ಹಾಗಾಗುತ್ತೆ. ವಿಚಿತ್ರ ಅಂದ್ರೆ ಪೆಡಲ್ ಅರ್ಧ ಬಿಟ್ರೆ ಮತ್ತೆ ಎಳೆಯೋಕೆ ಶುರು ಮಾಡುತ್ತೆ. ಎಂಜಿನ್ ದೀಪ ಹತ್ತಿಲ್ಲ. ಪ್ಲಗ್, ಏರ್ ಫಿಲ್ಟರ್ ಹೊಸದು. ಟ್ಯಾಂಕಿಗೆ ಹಾಕೋ ಕ್ಲೀನರ್ ಸಾಕಾ, ಅಥವಾ ಇಂಜೆಕ್ಟರ್ ಬಿಚ್ಚಿಸಿ ಕ್ಲೀನ್ ಮಾಡಿಸಬೇಕಾ?

ನಾಲ್ಕುಸಿಲಿಂಡರ್
ಮೊದಲು ಬಾಟಲಿ ಹಾಕಿ ನೋಡಿ. ಪಾಲಿಈಥರ್‌ಅಮೈನ್, ಅಂದ್ರೆ ಪಿಇಎ ಇರೋದೇ ಆಗಬೇಕು. ಬರೀ "ಕ್ಲೀನರ್" ಅಂತ ಲೇಬಲ್ ಇದ್ದು ಒಳಗೆ ಸೀಮೆಎಣ್ಣೆ ಥರದ ದ್ರಾವಕ ಮಾತ್ರ ಇರೋದು ಬೇಡ. ಇಷ್ಟು ಓಡಿದ ಗಾಡಿಯ ಇಂಜೆಕ್ಟರ್ ಮೂತಿಯಲ್ಲಿ ಅಂಟು ಕೂತಿರೋದು ಸಹಜ.

ಮಲ್ಟಿಮೀಟರ್
ದಯವಿಟ್ಟು ಏನೂ ಸುರಿಯಬೇಡಿ, ಮೊದಲು ಅಳೆಯಿರಿ. "ಪೆಡಲ್ ಅರ್ಧ ಬಿಟ್ರೆ ಎಳೆಯುತ್ತೆ" ಅನ್ನೋ ಒಂದು ಸಾಲಿನಲ್ಲೇ ಅರ್ಧ ಉತ್ತರ ಇದೆ. ಪೂರ್ತಿ ಒತ್ತಿದಾಗ ಎಂಜಿನ್ ಕೇಳುವಷ್ಟು ಪೆಟ್ರೋಲ್ ಸಿಗ್ತಿಲ್ಲ, ಬೇಡಿಕೆ ಇಳಿದ ತಕ್ಷಣ ಸಿಗ್ತಿದೆ. ಪಂಪ್, ಫಿಲ್ಟರ್, ಒತ್ತಡ ಕಾಯೋ ರೆಗ್ಯುಲೇಟರ್, ಪಂಪಿಗೆ ಹೋಗೋ ಕರೆಂಟ್, ಇಂಜೆಕ್ಟರ್, ಈ ಐದರಲ್ಲಿ ಎಲ್ಲಿ ಬೇಕಾದ್ರೂ ತೊಂದರೆ ಇರಬಹುದು. ಬಾಟಲಿಯಿಂದ ಸರಿಯಾಗೋದು ಕೊನೆಯದೊಂದೇ.

ಓಬಿಡಿ ಅಡಾಪ್ಟರ್ (ಗಾಡಿಯ ಕಂಪ್ಯೂಟರಿನ ಅಂಕಿ ಓದೋ ಸಾಧನ) ಹಾಕಿ ಮೂರು ಕಡೆ ಫ್ಯೂಯಲ್ ಟ್ರಿಮ್, ಅಂದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ತನ್ನ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಕಡಿಮೆ ಮಾಡ್ತಿದೆ ಅನ್ನೋದನ್ನ, ಬರ್ಕೊಳ್ಳಿ: ಐಡಲ್, ನಿಂತಲ್ಲೇ 2500 ಆರ್‌ಪಿಎಂ, ದಿಬ್ಬದಲ್ಲಿ ಪೂರ್ತಿ ಲೋಡ್. ಪಕ್ಕದಲ್ಲಿ ಕೂತವರು ಓದಲಿ, ಓಡಿಸೋರು ರಸ್ತೆ ನೋಡಲಿ.

ಸ್ಪ್ಯಾನರ್12
ಅದಕ್ಕೂ ಮೊದಲು ಹತ್ತು ನಿಮಿಷದ ಕೆಲಸ ಇದೆ. ಎಂಜಿನ್ ಆಫ್ ಮಾಡಿ, ಏರ್ ಪೈಪ್ ಬಿಚ್ಚಿ, ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಎಂಜಿನ್‌ಗೆ ಗಾಳಿ ಬಿಡೋ ಥ್ರಾಟಲ್ ತಟ್ಟೆ ನೋಡಲಿ. ಕೇಬಲ್ ಗಾಡಿಯಾದ್ರೆ ತಟ್ಟೆ ನೆಟ್ಟಗೆ ಪೂರ್ತಿ ತೆರೆಯಬೇಕು. ಕೇಬಲ್ ಸಡಿಲ ಆಗಿದ್ರೆ ಅಥವಾ ಪೆಡಲ್ ಕೆಳಗೆ ದಪ್ಪ ಮ್ಯಾಟ್ ಸಿಕ್ಕಿದ್ರೆ ಮುಕ್ಕಾಲು ಮಾತ್ರ ತೆರೆಯುತ್ತೆ.

ಕ್ಲಚ್ ಜಾರ್ತಿದ್ಯಾ ಅಂತಲೂ ನೋಡಿ. ಆರ್‌ಪಿಎಂ ಏರಿ ವೇಗ ಏರದಿದ್ರೆ ಅದು ಎಂಜಿನ್ ಸಮಸ್ಯೆಯೇ ಅಲ್ಲ. ಸ್ವಲ್ಪ ದೂರ ಓಡಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಕಾದಿದ್ರೆ ಅಲ್ಲಿ ಬ್ರೇಕ್ ಹಿಡ್ಕೊಂಡಿದೆ.

ನಾಲ್ಕುಸಿಲಿಂಡರ್
ಮಲ್ಟಿಮೀಟರ್ ಅವರೇ, ಅಳತೆ ಬೇಡ ಅಂತ ನಾನು ಹೇಳ್ತಿಲ್ಲ. ಬಾಟಲಿ ಹಾಕೋದ್ರಿಂದ ನಷ್ಟ ಏನು?

ಮಲ್ಟಿಮೀಟರ್
ನಷ್ಟ ಇದೆ. ಹಳೇ ಟ್ಯಾಂಕ್, ಹಳೇ ಪೈಪಿನ ಗೋಡೆಗೆ ಅಂಟಿರೋ ವಾರ್ನಿಶ್ ಸಡಿಲ ಆಗಿ ಹೋಗಿ ಕೂರೋದು ಫಿಲ್ಟರಿನಲ್ಲಿ. ಫಿಲ್ಟರ್ ಈಗಾಗಲೇ ಅರ್ಧ ಕಟ್ಟಿದ್ರೆ ಗಾಡಿ ಇನ್ನೂ ಸಪ್ಪೆ ಆಗುತ್ತೆ, ಜನ ಕ್ಲೀನರ್‌ಗೆ ಬೈತಾರೆ. ಅಳತೆ ಮೊದಲು, ಔಷಧ ಆಮೇಲೆ.

ಹೊಗೆನಳಿಗೆ
ಆಕ್ಟೇನ್ ಜಾಸ್ತಿ ಇರೋ ಪೆಟ್ರೋಲ್ ಹಾಕಿದ್ರೆ?

ಸ್ಪ್ಯಾನರ್12
ಹೆಚ್ಚು ಆಕ್ಟೇನ್ ಅಂದ್ರೆ ಹೆಚ್ಚು ಶಕ್ತಿ ಅಲ್ಲ, ನಾಕಿಂಗ್ (ಪೆಟ್ರೋಲ್ ತಾನಾಗೇ ಹೊತ್ತಿ ಎಂಜಿನ್ ಟಕಟಕ ಅನ್ನೋದು) ತಡೆಯೋ ಗುಣ. ಎಂಜಿನ್ ನಾಕ್ ಮಾಡ್ತಾ ಇಸಿಯು ಕಿಡಿಯ ಟೈಮಿಂಗ್ ಹಿಂದಕ್ಕೆ ಎಳೀತಿದ್ರೆ ಮಾತ್ರ ವ್ಯತ್ಯಾಸ ಕಾಣುತ್ತೆ. ಇಲ್ಲಿ ಹಾಗೆ ಕಾಣಿಸ್ತಿಲ್ಲ.

ರೈಲ್‌ಪ್ರೆಶರ್
ಇಂಜೆಕ್ಟರ್ ಯಾಕೆ ಕಟ್ಟುತ್ತೆ ಅನ್ನೋದನ್ನ ಬಿಡಿಸಿ ಹೇಳ್ತೀನಿ, ಯಾವ ಕ್ಲೀನಿಂಗ್ ಎಲ್ಲಿಗೆ ತಲುಪುತ್ತೆ ಅನ್ನೋದು ಆಗ ತಿಳಿಯುತ್ತೆ.

ಕೊಳೆ ಸೇರೋದು ಗಾಡಿ ಓಡುವಾಗಲ್ಲ, ಬಿಸಿ ಎಂಜಿನ್ ಆಫ್ ಮಾಡಿದ ಮೇಲೆ. ತಂಪು ಮಾಡೋ ಹರಿವು ನಿಂತು ಸಿಲಿಂಡರ್ ಹೆಡ್ಡಿನ ಶಾಖ ಇಂಜೆಕ್ಟರ್ ಮೂತಿಗೆ ಏರುತ್ತೆ. ಮೂತಿಯಲ್ಲಿ ಉಳಿದ ಹನಿ ಪೆಟ್ರೋಲಿನ ಹಗುರ ಭಾಗ ಆವಿಯಾಗಿ, ಭಾರದ ಭಾಗ ಅಂಟಾಗಿ ಕೂರುತ್ತೆ. ದಿನಕ್ಕೆ ಹತ್ತು ಸಲ ಸ್ಟಾರ್ಟ್ ಮಾಡಿ ಎರಡೆರಡು ಕಿ.ಮೀ. ಓಡೋ ಗಾಡಿಗೆ ಇದು ಬೇಗ ಬರುತ್ತೆ, ಹೆದ್ದಾರಿ ಗಾಡಿಗೆ ಕಡಿಮೆ. ಆ ಪದರ ತೆಳುವಾಗೇ ಇರುತ್ತೆ. ಆದ್ರೂ ಮಂಜಿನ ಹಾಗೆ ಹರಡಬೇಕಾದ ಪೆಟ್ರೋಲ್ ದಾರದ ಹಾಗೆ ಒಂದೇ ಕಡೆ ಬೀಳುತ್ತೆ. ದಪ್ಪ ಹನಿ ಪೂರ್ತಿ ಉರಿಯಲ್ಲ. ಐಡಲ್ ನಡುಕಕ್ಕೆ ಇದು ಕಾರಣ ಇರಬಹುದು.

ಇನ್ನೊಂದು ಜಾಗ ಇಂಜೆಕ್ಟರಿನ ತಲೆಯಲ್ಲಿರೋ ಬೆರಳುಗುರಿನಷ್ಟು ಪುಟ್ಟ ಜಾಲರಿ ಫಿಲ್ಟರ್. ಅಲ್ಲಿ ಸಿಕ್ಕಿಕೊಳ್ಳೋದು ತುಕ್ಕಿನ ಪುಡಿ, ಹಳೇ ರಬ್ಬರ್ ಚೂರು. ಯಾವ ಕ್ಲೀನರೂ ತುಕ್ಕನ್ನ ಕರಗಿಸಲ್ಲ. ಅದಕ್ಕೆ ಇಂಜೆಕ್ಟರ್ ಬಿಚ್ಚಿ ಜಾಲರಿ ಬದಲಿಸೋದೊಂದೇ ದಾರಿ.

ಮೂರನೇಗೇರ್
ಥ್ರಾಟಲ್ ಪೂರ್ತಿ ತೆರೆಯುತ್ತೆ. ಕ್ಲಚ್, ಬ್ರೇಕ್ ಸರಿ ಇದೆ. ಶಾರ್ಟ್ (ಆ ಕ್ಷಣದ), ಲಾಂಗ್ (ಕಲಿತು ಇಟ್ಕೊಂಡ) ಟ್ರಿಮ್ ಎರಡೂ ಕೂಡಿಸಿ, ಶೇಕಡಾದಲ್ಲಿ:
ಐಡಲ್: +8
2500 ಆರ್‌ಪಿಎಂ: +11
ದಿಬ್ಬದಲ್ಲಿ ಮುಕ್ಕಾಲು ಪೆಡಲ್: +22
ಪೂರ್ತಿ ಪೆಡಲ್: ಶಾರ್ಟ್ ಟ್ರಿಮ್ 0 ತೋರಿಸ್ತು, ಲಾಂಗ್ +13.

ನಾಲ್ಕುಸಿಲಿಂಡರ್
ಪೂರ್ತಿ ಪೆಡಲ್‌ನಲ್ಲಿ ಶಾರ್ಟ್ 0 ಅಂದ್ರೆ ಅಲ್ಲಿ ಮಿಶ್ರಣ ಸರಿ ಇದೆ ಅಂತಾಯ್ತಲ್ಲ?

ಮಲ್ಟಿಮೀಟರ್
ಇಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಇಸಿಯು ಓಪನ್ ಲೂಪ್‌ಗೆ ಹೋಗುತ್ತೆ. ಆಕ್ಸಿಜನ್ ಸೆನ್ಸರ್ ಮಾತು ಕೇಳೋದನ್ನ ಬಿಟ್ಟು, ಕಲಿತಿರೋ ಲಾಂಗ್ ಟ್ರಿಮ್ ಮೇಲೆ ತನ್ನ ಕೋಷ್ಟಕದ ಪ್ರಕಾರ ಪೆಟ್ರೋಲ್ ಬಿಡುತ್ತೆ. ಶಾರ್ಟ್ ಟ್ರಿಮ್ ಆಗ ಸುಮ್ಮನೆ 0. ಅಲ್ಲಿ ನೋಡಬೇಕಾದ್ದು ಮುಂದಿನ ಆಕ್ಸಿಜನ್ ಸೆನ್ಸರಿನ ವೋಲ್ಟೇಜು. ಮಾಮೂಲಿ ಜಿರ್ಕೋನಿಯಾ ಸೆನ್ಸರ್ ಆದ್ರೆ 0.85 ವೋಲ್ಟ್ ಮೇಲೆ ಗಟ್ಟಿಯಾಗಿ ನಿಲ್ಲಬೇಕು. 0.1, 0.2ಕ್ಕೆ ಬಿದ್ರೆ ಎಂಜಿನ್ ಪೆಟ್ರೋಲಿಗೆ ಹಸಿದಿದೆ.

ಐಡಲ್‌ನಿಂದ ಲೋಡ್‌ವರೆಗೆ 8, 11, 22 ಅಂತ ಏರಿದೆ ನೋಡಿ. ವ್ಯಾಕ್ಯೂಮ್ ಸೋರಿಕೆ (ಥ್ರಾಟಲ್ ದಾಟಿದ ಮೇಲೆ ಬೇರೆ ಕಡೆಯಿಂದ ಗಾಳಿ ಒಳಬರೋದು) ಆಗಿದ್ರೆ ಇದರ ಉಲ್ಟಾ ಇರ್ತಿತ್ತು, ಐಡಲ್‌ನಲ್ಲಿ ಜಾಸ್ತಿ, ಆರ್‌ಪಿಎಂ ಏರಿದ ಹಾಗೆ ಕಡಿಮೆ. ಸಾಮಾನ್ಯವಾಗಿ 25ರ ಆಸುಪಾಸಿಗೆ ಬಂದು ಅಲ್ಲೇ ನಿಂತಾಗ ಪಿ0171 (ಪೆಟ್ರೋಲ್ ಕಡಿಮೆ ಅನ್ನೋ ದೋಷದ ಕೋಡ್) ಬಂದು ದೀಪ ಹತ್ತುತ್ತೆ. ದೀಪ ಹತ್ತಿಲ್ಲ ಅಂತ ಸಮಾಧಾನ ಪಡೋ ಹಾಗಿಲ್ಲ, ಹೊಸ್ತಿಲಲ್ಲೇ ಇದೆ.

ಸ್ಪ್ಯಾನರ್12
ಎಂಎಎಫ್ ಸೆನ್ಸರ್ (ಒಳಬರೋ ಗಾಳಿ ಅಳೆಯೋದು) ಕೊಳೆ ಆದ್ರೂ ಇದೇ ಥರ ಏರುತ್ತೆ. ತಂತಿಗೆ ಧೂಳು ಕೂತ್ರೆ ಬರೋ ಗಾಳಿಗಿಂತ ಕಡಿಮೆ ಲೆಕ್ಕ ಹೇಳುತ್ತೆ.

ಮಲ್ಟಿಮೀಟರ್
ಸರಿಯಾದ ಮಾತು. ಎಂಎಎಫ್ ಇದ್ರೆ ಅದಕ್ಕಂತಲೇ ಬರೋ ಸ್ಪ್ರೇ ಮಾತ್ರ ಬಳಸಿ, ಕಾರ್ಬ್ಯುರೇಟರ್ ಸ್ಪ್ರೇ ಬೇಡ. ತಂತಿಗೆ ಬಟ್ಟೆ, ಬ್ರಷ್, ಬೆರಳು ಯಾವುದೂ ತಾಗಬಾರದು. ಪೂರ್ತಿ ಒಣಗಿದ ಮೇಲೆ ಕನೆಕ್ಟರ್ ಹಾಕಿ. ಇಂಥ ಸಣ್ಣ ಎಂಜಿನ್‌ಗಳಲ್ಲಿ ಬಹಳಷ್ಟು ಎಂಎಪಿ (ಗಾಳಿ ಹಂಚೋ ಮ್ಯಾನಿಫೋಲ್ಡಿನ ಒತ್ತಡ ಅಳೆಯೋ) ಸೆನ್ಸರಿನವು, ಎಂಎಎಫ್ ಇರೋದೇ ಇಲ್ಲ. ಮೂರನೇಗೇರ್, ನಿಮ್ಮದು ಯಾವುದು?

ಮೂರನೇಗೇರ್
ಎಂಎಪಿ. ಪೂರ್ತಿ ಪೆಡಲ್‌ನಲ್ಲಿ ಆಕ್ಸಿಜನ್ ಸೆನ್ಸರ್ 0.15 ವೋಲ್ಟ್.

ರೈಲ್‌ಪ್ರೆಶರ್
ಹಾಗಾದ್ರೆ ಪೆಟ್ರೋಲ್ ಕಡಿಮೆ ಬರ್ತಿರೋದು ಖಚಿತ. ಸೈಲೆನ್ಸರ್ ಕಡೆ ಕ್ಯಾಟ್ (ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ಕಟ್ಟಿದ್ರೂ ಪಿಕಪ್ ಸಾಯುತ್ತೆ, ಆದ್ರೆ ಅದರಿಂದ ಸೆನ್ಸರ್ ಹೀಗೆ 0.15ಕ್ಕೆ ಬೀಳಲ್ಲ. ಇನ್ನು ಒತ್ತಡ ಅಳೆಯಬೇಕು.

ಬಯಲಿನಲ್ಲಿ, ತಂಪಾದ ಎಂಜಿನ್ ಮೇಲೆ ಮಾಡಿ, ಬೆಂಕಿ ಆರಿಸೋ ಸಿಲಿಂಡರ್ ಪಕ್ಕದಲ್ಲಿರಲಿ. ಪಂಪಿನ ರಿಲೇ ಅಥವಾ ಫ್ಯೂಸ್ ಕಿತ್ತು ಎಂಜಿನ್ ತಾನಾಗಿ ನಿಲ್ಲೋವರೆಗೆ ಓಡಿಸಿ, ಆಮೇಲೆ ಎರಡು ಮೂರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಬ್ಯಾಟರಿ ಮೈನಸ್ ತೆಗೆಯಿರಿ. ಪೈಪ್ ಬಿಚ್ಚುವಾಗ ಜಾಯಿಂಟಿಗೆ ಬಟ್ಟೆ ಸುತ್ತಿ, ಆದ್ರೂ ಸ್ವಲ್ಪ ಚಿಮ್ಮುತ್ತೆ, ಕನ್ನಡಕ ಹಾಕ್ಕೊಳ್ಳಿ. ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚೋ ಪೈಪ್) ಮೇಲೆ ಟೆಸ್ಟ್ ವಾಲ್ವ್ ಇದ್ರೆ ಗೇಜ್ ಅಲ್ಲಿಗೆ, ಇಲ್ಲದಿದ್ರೆ ಟೀ ಜಾಯಿಂಟ್ ಹಾಕಿ. ಹೋಸ್ ಮಾಮೂಲಿ ನೀರಿನದ್ದಲ್ಲ, ಇಂಜೆಕ್ಷನ್ ಒತ್ತಡ ತಡೆಯೋ ಇಂಧನ ಹೋಸೇ ಆಗಬೇಕು.

ನಿಂತಲ್ಲಿ ಅಳೆದ್ರೆ ಸಾಲದು. ಗೇಜನ್ನ ಬಾನೆಟ್ಟಿನ ಹಿಂದಿನ ಅಂಚಿನಿಂದ ಹೊರತಂದು, ಮುಂದಿನ ಗಾಜಿಗೆ ಹೊರಗಡೆಯಿಂದ ಟೇಪ್ ಹಾಕಿ ಅಂಟಿಸಿ, ದಿಬ್ಬದಲ್ಲಿ ಓಡಿಸಿ. ಗೇಜ್ ಕ್ಯಾಬಿನ್ ಒಳಗೆ ತರಲೇಬೇಡಿ, ಪೈಪ್ ಕಳಚಿದ್ರೆ ಮೈಮೇಲೆ ಪೆಟ್ರೋಲ್.

ಕಾರ್ಬ್‌ಕಾಲ
ಕಾರ್ಬ್ಯುರೇಟರ್ ಗಾಡಿಗೂ ಇದೇ ಒತ್ತಡವಾ?

ರೈಲ್‌ಪ್ರೆಶರ್
ಅಯ್ಯೋ ಇಲ್ಲ. ಅಲ್ಲಿ 0.2ರಿಂದ 0.35 ಬಾರ್ ಅಷ್ಟೇ, ಜಾಸ್ತಿ ಆದ್ರೆ ಫ್ಲೋಟ್ ಸೂಜಿ ತಡೆಯದೆ ಉಕ್ಕುತ್ತೆ. ಕಾರ್ಬ್ಯುರೇಟರಿನಲ್ಲಿ ಪೆಡಲ್ ತಟ್ಟನೆ ಒತ್ತಿದಾಗ ಮಾತ್ರ ಒಂದು ಕ್ಷಣ ಗಾಡಿ ಸತ್ತ ಹಾಗಾದ್ರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಂ ನೋಡಿ. ಎಂಜಿನ್ ಆಫ್ ಇಟ್ಟು ಮೇಲಿಂದ ಬಗ್ಗಿ ಥ್ರಾಟಲ್ ಎಳೆದ್ರೆ ಸಣ್ಣ ಧಾರೆ ಬೀಳಬೇಕು. ಜೆಟ್ ಕಟ್ಟಿದ್ರೆ ತಂತಿ ತೂರಿಸಬೇಡಿ, ತೂತು ದೊಡ್ಡದಾದ್ರೆ ಆ ಜೆಟ್ ಕೆಲಸಕ್ಕೆ ಬರಲ್ಲ. ದ್ರಾವಕದಲ್ಲಿ ನೆನೆಸಿ ಗಾಳಿ ಹೊಡೆಯಿರಿ.

ಮೂರನೇಗೇರ್
ಅಳೆದಾಯ್ತು. ಐಡಲ್‌ನಲ್ಲಿ 2.5 ಬಾರ್. ದಿಬ್ಬದಲ್ಲಿ ಪೂರ್ತಿ ಒತ್ತಿದ್ರೆ 2.4, ಆಮೇಲೆ ಇಳೀತಾ 1.8.

ಹೊಗೆನಳಿಗೆ
ಇಂಜೆಕ್ಷನ್ ಗಾಡಿಗೆ 3 ಬಾರ್ ಬೇಕಲ್ಲ. ಐಡಲ್‌ನಲ್ಲೇ 2.5 ಅಂದ್ರೆ ಪಂಪ್ ಹೋಗಿದೆ.

ರೈಲ್‌ಪ್ರೆಶರ್
ತಡೀರಿ, ಐಡಲ್ 2.5 ಸರಿಯಾಗೇ ಇದೆ. ರೈಲ್ ಮೇಲೆ ವ್ಯಾಕ್ಯೂಮ್ ಹೋಸ್ ಇರೋ ರೆಗ್ಯುಲೇಟರ್ ಆದ್ರೆ ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಹೀರುವಿಕೆಯಿಂದ ಸುಮಾರು ಅರ್ಧ ಬಾರ್ ಕಡಿಮೆ ತೋರಿಸುತ್ತೆ. ಆ ಹೋಸ್ ಕಿತ್ತರೆ 3ಕ್ಕೆ ಏರಬೇಕು. ಕಿತ್ತಾಗ ಹೋಸಿನೊಳಗೆ ಪೆಟ್ರೋಲ್ ಹನಿ ಇದ್ರೆ ಡಯಾಫ್ರಂ ಹರಿದಿದೆ. ಟ್ಯಾಂಕಿನೊಳಗೇ ರೆಗ್ಯುಲೇಟರ್ ಇರೋ, ರೈಲಿನಿಂದ ರಿಟರ್ನ್ ಪೈಪ್ ಇಲ್ಲದ ಗಾಡಿಗಳಿಗೆ ಈ ಲೆಕ್ಕ ಹೊಂದಲ್ಲ, ಅಲ್ಲಿ ಒತ್ತಡ ಸ್ಥಿರವಾಗಿ 3.5ರಿಂದ 4 ಇರೋದುಂಟು. ನಿಮ್ಮ ಮಾದರಿಯ ಕೈಪಿಡಿಯ ಅಂಕಿಯೇ ಅಂತಿಮ.

ತಪ್ಪಿರೋದು ಪೂರ್ತಿ ಥ್ರಾಟಲಿನದು. ಅಲ್ಲಿ ಹೀರುವಿಕೆ ಇರಲ್ಲ, 3 ಆಗಬೇಕಿತ್ತು, 1.8 ಆಗಿದೆ.

ನಾಲ್ಕುಸಿಲಿಂಡರ್ ಅವರೇ, ಇದೊಂದನ್ನ ಗಮನಿಸಿ. ಇಂಜೆಕ್ಟರ್ ಕಟ್ಟಿದ್ರೆ ರೈಲಿನ ಒತ್ತಡ ಬೀಳಲ್ಲ, ಹೊರಗೆ ಹೋಗೋ ಬಾಗಿಲು ಕಿರಿದಾದ್ರೆ ಒಳಗೆ ಒತ್ತಡ ಯಾಕೆ ಇಳಿಯುತ್ತೆ? ಒತ್ತಡ ಬೀಳ್ತಿದೆ ಅಂದ್ರೆ ತೊಂದರೆ ರೈಲಿಗಿಂತ ಹಿಂದೆ ಇದೆ. ಈ ಹೊತ್ತಿನಲ್ಲಿ ಹತ್ತು ಬಾಟಲಿ ಹಾಕಿದ್ರೂ ಆ 1.8 ಕದಲಲ್ಲ.

ನಾಲ್ಕುಸಿಲಿಂಡರ್
ಒಪ್ಪಿದೆ. ಈ ಅಂಕಿ ನೋಡಿದ ಮೇಲೆ ಮೊದಲ ಸಲಹೆ ವಾಪಸ್.

ಡೀಸೆಲ್‌ದೂರ
ಡೀಸೆಲ್ ಗಾಡಿಗೂ ಇದೇ ಕ್ಲೀನರ್ ಹಾಕಬಹುದಾ?

ಸ್ಪ್ಯಾನರ್12
ಬೇಡವೇ ಬೇಡ. ಡೀಸೆಲ್ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಎಣ್ಣೆ. ಪೆಟ್ರೋಲಿನ ಕ್ಲೀನರ್ ಆ ಜಿಡ್ಡು ತೆಗೆಯುತ್ತೆ. ಡೀಸೆಲ್ ಪಿಕಪ್‌ಗೆ ಫಿಲ್ಟರಿನ ನೀರು, ಟರ್ಬೊ ಹೋಸಿನ ಸೀಳು, ಇಜಿಆರ್ (ಹೊಗೆಯನ್ನ ಮತ್ತೆ ಎಂಜಿನ್‌ಗೆ ಕಳಿಸೋ ವಾಲ್ವ್) ಮಸಿ, ಈ ಮೂರು ಮೊದಲು ನೋಡಿ. ಅದಕ್ಕೆ ಬೇರೆ ಚರ್ಚೆ ತೆರೆದ್ರೆ ಒಳ್ಳೇದು.

ಸ್ಪ್ಯಾನರ್12
ಮೂರನೇಗೇರ್, ಹೊರಗಡೆ ಫಿಲ್ಟರ್ ಇದ್ರೆ ಅದನ್ನ ಬದಲಿಸಿ. ಬಾಣದ ಗುರುತು ಎಂಜಿನ್ ಕಡೆ ಇರಲಿ. ಹಳೇದನ್ನ ಒಳಬರೋ ಬಾಯಿಂದ ಬಿಳಿ ಬಟ್ಟಲಿಗೆ ಬಗ್ಗಿಸಿ ನೋಡಿ, ಪೆಟ್ರೋಲ್ ಕಾಫಿ ಬಣ್ಣಕ್ಕೆ ಬಂದು ತಳದಲ್ಲಿ ಕೆಂಪು ಪುಡಿ ಕೂತ್ರೆ ಟ್ಯಾಂಕಿನೊಳಗೆ ತುಕ್ಕಿದೆ. ಆಗ ಪಂಪಿನ ಬುಡದ ಜಾಲರಿ ಚೀಲವನ್ನೂ ನೋಡಲೇಬೇಕು.

ಮಲ್ಟಿಮೀಟರ್
ಪಂಪ್ ಬದಲಿಸೋ ಯೋಚನೆ ಬಂದ್ರೆ ಅದಕ್ಕೂ ಮೊದಲು ಅದಕ್ಕೆ ಸಿಗೋ ಕರೆಂಟ್ ಅಳೆಯಿರಿ. ಒಳ್ಳೇ ಪಂಪ್ ಎಷ್ಟೋ ಕಸಕ್ಕೆ ಹೋಗುತ್ತೆ, ತಪ್ಪು ತಂತಿಯದ್ದು.

ಎಂಜಿನ್ ಓಡ್ತಿರಬೇಕು, ಪಂಪ್ ಕನೆಕ್ಟರ್ ಹಾಕಿದ ಹಾಗೇ ಇರಬೇಕು, ಹಿಂಬದಿಯಿಂದ ಪಿನ್ ತೂರಿಸಿ ಅಳೆಯಬೇಕು. ಕನೆಕ್ಟರ್ ಕಿತ್ತು ಅಳೆದ್ರೆ 12 ತೋರಿಸುತ್ತೆ, ಅದರಿಂದ ಏನೂ ಗೊತ್ತಾಗಲ್ಲ, ಕರೆಂಟ್ ಹರಿಯುವಾಗ ಮಾತ್ರ ತಡೆ ಕಾಣುತ್ತೆ. ಟ್ಯಾಂಕಿನ ಮುಚ್ಚಳ ಮುಚ್ಚಿರಲಿ, ಪೆಟ್ರೋಲ್ ವಾಸನೆ ಬಂದ್ರೆ ಅಲ್ಲೇ ನಿಲ್ಲಿಸಿ. ಪಂಪಿನ ಎರಡು ತಂತಿ ನಡುವೆ ಬರೋದು ಬ್ಯಾಟರಿ ವೋಲ್ಟೇಜಿಗಿಂತ ಅರ್ಧ ವೋಲ್ಟ್ ಕಡಿಮೆ ಇದ್ರೆ ನಡೆಯುತ್ತೆ.

ಅದಕ್ಕಿಂತ ಕಡಿಮೆ ಬಂದ್ರೆ ಉದ್ದ ತಂತಿ ತಗೊಂಡು ಮೀಟರಿನ ಕಪ್ಪು ಬ್ಯಾಟರಿ ಮೈನಸ್‌ಗೆ, ಕೆಂಪು ಪಂಪಿನ ಅರ್ಥ್ ಪಿನ್‌ಗೆ. ಮೀಟರ್ ತೋರಿಸೋದೇ ಅರ್ಥ್ ಕಡೆ ನಷ್ಟ. 0.2 ದಾಟಬಾರದು.

ಮೂರನೇಗೇರ್
ಫಿಲ್ಟರ್ ಬದಲಿಸಿದ್ದಾಯ್ತು, ಪೂರ್ತಿ ಪೆಡಲ್‌ನಲ್ಲಿ 1.8 ಹೋಗಿ 2.0 ಆಯ್ತು ಅಷ್ಟೇ. ಬ್ಯಾಟರಿಯಲ್ಲಿ 14.0, ಪಂಪಿನಲ್ಲಿ 11.7. ಅರ್ಥ್ ಕಡೆ 1.9.

ಮಲ್ಟಿಮೀಟರ್
ಸಿಕ್ತು. ಒಟ್ಟು ನಷ್ಟ 2.3, ಅದರಲ್ಲಿ 1.9 ಅರ್ಥ್ ಒಂದರಲ್ಲೇ. ಪಂಪಿನ ಅರ್ಥ್ ತಂತಿ ಹಿಡಿದು ಹೋಗಿ, ಬಹಳ ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗೆ ಅಥವಾ ಡಿಕ್ಕಿಯ ಪಕ್ಕದ ಹಾಳೆಗೆ ಬೋಲ್ಟ್ ಆಗಿರುತ್ತೆ. ಬೋಲ್ಟ್ ತೆಗೆದ್ರೆ ರಿಂಗಿನ ಕೆಳಗೆ ಪೇಂಟ್ ಉಬ್ಬಿ ತುಕ್ಕಿನ ಪುಡಿ ಕಾಣುತ್ತೆ. ಬ್ಯಾಟರಿ ಮೈನಸ್ ತೆಗೆದು, ಹೊಳೆಯೋ ಲೋಹ ಬರೋವರೆಗೆ ಉಜ್ಜಿ, ರಿಂಗಿನ ಎರಡೂ ಮುಖ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ರಿಂಗಿನ ಹತ್ತಿರ ತಂತಿ ಕಪ್ಪಾಗಿ ಗಟ್ಟಿಯಾಗಿದ್ರೆ ಕತ್ತರಿಸಿ ಹೊಸ ರಿಂಗ್ ಕ್ರಿಂಪ್ ಮಾಡಿ. ಪಂಪ್ ಕನೆಕ್ಟರಿನ ಪಿನ್‌ಗಳನ್ನೂ ಬಿಡಬೇಡಿ, ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ರೆ ಅದು ಕಾದಿದೆ, ಬದಲಿಸಬೇಕು.

ಹೊಗೆನಳಿಗೆ
ಟ್ಯಾಂಕಿಗೆ ಅಸಿಟೋನ್ ಹಾಕಿದ್ರೆ ಎಲ್ಲಾ ಕ್ಲೀನ್ ಆಗುತ್ತೆ ಅಂತ ಒಂದು ವಿಡಿಯೊ ಓಡ್ತಿದೆ. ಸರಿಯಾ?

ರೈಲ್‌ಪ್ರೆಶರ್
ಮಾಡಬೇಡಿ. ಹಳೇ ಗಾಡಿಯ ಓ ರಿಂಗು, ಹೋಸು, ಟ್ಯಾಂಕಿನೊಳಗಿನ ಪ್ಲಾಸ್ಟಿಕ್ಕು ಊದಿ ಮೆತ್ತಗಾಗಬಹುದು. ಬಿಸಿ ಎಂಜಿನ್ ಮೇಲೆ ಇಂಜೆಕ್ಟರಿನ ಓ ರಿಂಗ್ ಸೋರಿದ್ರೆ ಬೆಂಕಿ. ಇದರಲ್ಲಿ ಪ್ರಯೋಗ ಬೇಡ.

ಮೂರನೇಗೇರ್
ಬೋಲ್ಟ್ ಕೆಳಗೆ ಹೇಳಿದ ಹಾಗೇ ತುಕ್ಕು. ಉಜ್ಜಿ ಹಾಕಿದ ಮೇಲೆ ಅರ್ಥ್ ನಷ್ಟ 0.1, ಪಂಪಿನಲ್ಲಿ 13.5. ಪೂರ್ತಿ ಪೆಡಲ್‌ನಲ್ಲಿ ಒತ್ತಡ 3.0 ಬಿಡದೆ ನಿಲ್ಲುತ್ತೆ, ಆಕ್ಸಿಜನ್ ಸೆನ್ಸರ್ 0.87. ದಿಬ್ಬದಲ್ಲಿ ಎಳೆತ ವಾಪಸ್ ಬಂದಿದೆ. ಐಡಲ್ ನಡುಕ ಮಾತ್ರ ಇದೆ. ಟ್ರಿಮ್ ಈಗ ಐಡಲ್ +8, 2500ರಲ್ಲಿ +8, ಲೋಡ್‌ನಲ್ಲಿ +9.

ಮಲ್ಟಿಮೀಟರ್
ಈಗ ಎಲ್ಲಾ ಕಡೆ ಒಂದೇ ಸಮ 8, 9. ಒತ್ತಡ ಸರಿ, ವ್ಯಾಕ್ಯೂಮ್ ಸೋರಿಕೆಯ ಗುರುತಿಲ್ಲ. ಇದು ಇಂಜೆಕ್ಟರ್‌ಗಳು ಸಮವಾಗಿ ಸ್ವಲ್ಪ ಕಟ್ಟಿರೋ ಲಕ್ಷಣ. ನಾಲ್ಕುಸಿಲಿಂಡರ್ ಅವರೇ, ನಿಮ್ಮ ಬಾಟಲಿಗೆ ಈಗ ಸಮಯ ಬಂತು.

ನಾಲ್ಕುಸಿಲಿಂಡರ್
ಬರೀತೀನಿ. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆ ಇರುವಾಗ ಬಾಟಲಿ ಮೊದಲು ಸುರಿದು, ಅದರ ಮೇಲೆ ಪೆಟ್ರೋಲ್ ತುಂಬಿಸಿ, ಚೆನ್ನಾಗಿ ಬೆರೆಯುತ್ತೆ. ಬಾಟಲಿಯ ಮೇಲೆ ಎಷ್ಟು ಲೀಟರಿಗೆ ಅಂತ ಬರೆದಿರುತ್ತೆ. 60 ಲೀಟರಿನ ಅಳತೆಯನ್ನ 35 ಲೀಟರ್ ಟ್ಯಾಂಕಿಗೆ ಪೂರ್ತಿ ಸುರಿಯಬೇಡಿ, ಅಳೆದು ಹಾಕಿ. ಆ ಟ್ಯಾಂಕನ್ನ ಊರೊಳಗಿನ ಎರಡು ಕಿ.ಮೀ. ಓಡಾಟದಲ್ಲಿ ಮುಗಿಸಬೇಡಿ, ಎಂಜಿನ್ ಪೂರ್ತಿ ಬಿಸಿಯಾಗಿ ಒಂದೇ ಸಮನೆ ಓಡೋ ಪ್ರಯಾಣ ಬೇಕು. ಕಾಲು ಟ್ಯಾಂಕ್‌ವರೆಗೆ ಓಡಿಸಿ ಆಮೇಲೆ ತುಂಬಿಸಿ. ಪಿಇಎ ಜೊತೆ ಒಂದಿಷ್ಟು ಕೊಳೆ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್‌ಗೂ ಇಳಿಯುತ್ತೆ, ಅದಕ್ಕೆ ಆಯಿಲ್ ಬದಲಿಸೋ ಸಮಯಕ್ಕೆ ಸ್ವಲ್ಪ ಮುಂಚೆ ಈ ಕೆಲಸ ಇಟ್ಕೊಂಡ್ರೆ ಒಳ್ಳೇದು. ಟ್ರಿಮ್ ಇಳಿದ್ರೆ ಕೆಲಸ ಆಗಿದೆ. ಎರಡು ಟ್ಯಾಂಕ್ ಆದ್ರೂ 8ರಲ್ಲೇ ನಿಂತ್ರೆ ಮೂರನೇ ಬಾಟಲಿ ಬೇಡ, ಬಿಚ್ಚಬೇಕು.

ಜಿಡಿಐ
ಡೈರೆಕ್ಟ್ ಇಂಜೆಕ್ಷನ್ ಗಾಡಿಯವರು ಇಲ್ಲಿ ಒಂದು ಗಮನಿಸಿ. ಅಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುತ್ತೆ, ಇನ್‌ಟೇಕ್ ವಾಲ್ವಿನ ಬೆನ್ನು ತೊಳೆಯೋದೇ ಇಲ್ಲ. ಟ್ಯಾಂಕಿನ ಕ್ಲೀನರ್ ಇಂಜೆಕ್ಟರಿಗೆ ಸಹಾಯ ಮಾಡಬಹುದು, ವಾಲ್ವಿನ ಇಂಗಾಲಕ್ಕೆ ಮುಟ್ಟಲ್ಲ. ಅದಕ್ಕೆ ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟದ ಸಿಪ್ಪೆಯ ಪುಡಿ ಹೊಡೆದು ತೆಗೀತಾರೆ.

ಮೂರನೇಗೇರ್
ಬಿಚ್ಚೋದೇ ಆದ್ರೆ ಏನೇನು ಗಮನಿಸಬೇಕು?

ರೈಲ್‌ಪ್ರೆಶರ್
ಇಂಜೆಕ್ಟರ್ ಎಳೆಯೋ ಮೊದಲು ಬುಡದ ಸುತ್ತ ಗಾಳಿ ಹೊಡೆದು ಮರಳು ಹಾರಿಸಿ, ಇಲ್ಲದಿದ್ರೆ ಅದೆಲ್ಲಾ ನೇರ ಪೋರ್ಟಿನೊಳಗೆ ಬೀಳುತ್ತೆ. ಎಳೆದ ಮೇಲೆ ತೂತುಗಳಿಗೆ ಶುದ್ಧ ಬಟ್ಟೆ ತುಂಬಿ. ಯಾವ ಇಂಜೆಕ್ಟರ್ ಯಾವ ಸಿಲಿಂಡರಿನದು ಅಂತ ಗುರುತು ಹಾಕಿ. ಓಮ್ ಅಳೆಯಿರಿ, ಹೈ ಇಂಪೀಡೆನ್ಸ್ ಆದ್ರೆ 12ರಿಂದ 16 ಬರುತ್ತೆ, ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಮನೆಯಲ್ಲಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ಹಿಡಿದಿಟ್ಟರೆ ಕಾಯಿಲ್ ಸುಡಬಹುದು, ಅದರ ಕೆಲಸ ಮಿಲಿಸೆಕೆಂಡಿನ ಲೆಕ್ಕದ್ದು.

ಅಲ್ಟ್ರಾಸೋನಿಕ್‌ನಲ್ಲಿ ಮಾಡಿಸಿದ್ರೆ ಮೊದಲಿನ ಮತ್ತು ನಂತರದ ಹರಿವಿನ ಅಂಕಿ ಕೇಳಿ ತಗೊಳ್ಳಿ. ನಾಲ್ಕರ ನಡುವಿನ ವ್ಯತ್ಯಾಸ ಶೇ. 5ರೊಳಗೆ ಬರಬೇಕು, ಮುಚ್ಚಿದಾಗ ಹನಿ ತೊಟ್ಟಿಕ್ಕಬಾರದು. ಜಾಲರಿ, ಓ ರಿಂಗ್ ಹೊಸದು. ಹಳೇ ಓ ರಿಂಗ್ ಚೆನ್ನಾಗಿ ಕಂಡ್ರೂ ವಾಪಸ್ ಹಾಕಬೇಡಿ. ಹೊಸದಕ್ಕೆ ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ, ತಿರುಗಿಸ್ತಾ ನೆಟ್ಟಗೆ ಒತ್ತಿ, ಓರೆಯಾದ್ರೆ ರಬ್ಬರ್ ಕಚ್ಚಿ ಸೀಳುತ್ತೆ. ಎಲ್ಲಾ ಜೋಡಿಸಿದ ಮೇಲೆ ಸ್ಟಾರ್ಟ್ ಮಾಡದೆ ಕೀ ಮೂರು ಸಲ ಆನ್ ಆಫ್ ಮಾಡಿ ಒತ್ತಡ ತುಂಬಿಸಿ, ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ನೋಡಿ. ಒಂದು ಹನಿ ಒದ್ದೆ ಕಂಡ್ರೂ ಸೆಲ್ಫ್ ಹೊಡೆಯಬೇಡಿ.

ಸ್ಪ್ಯಾನರ್12
ಕ್ಲೀನರ್ ಹಾಕೋ ಮೊದಲು ಥ್ರಾಟಲ್ ಬಾಡಿನೂ ಒರೆಸಿಬಿಡಿ. ಐಡಲ್ ನಡುಕದಲ್ಲಿ ಅದರ ಪಾಲೂ ಇರಬಹುದು. ಸ್ಪ್ರೇ ಬಟ್ಟೆಗೆ ಹೊಡೆದು ತಟ್ಟೆಯ ಅಂಚಿನ ಕಪ್ಪು ಗೆರೆ ಒರೆಸಿ. ಎಲೆಕ್ಟ್ರಾನಿಕ್ ಥ್ರಾಟಲ್ ಆದ್ರೆ ಕೀ ಆನ್ ಇರುವಾಗ ತಟ್ಟೆಗೆ ಬೆರಳು ಹಾಕಬೇಡಿ, ಮೋಟರ್ ತಟ್ಟನೆ ಮುಚ್ಚುತ್ತೆ, ಗೇರಿನ ಹಲ್ಲೂ ಹೋಗಬಹುದು. ಒರೆಸಿದ ಮೇಲೆ ಐಡಲ್ ಸ್ವಲ್ಪ ಹೆಚ್ಚು ಕಡಿಮೆ ಆದ್ರೆ ಗಾಬರಿ ಬೇಡ, ಇಸಿಯು ಮತ್ತೆ ಕಲೀಬೇಕು. ಕೆಲವು ಗಾಡಿಗೆ ಸ್ಕ್ಯಾನರ್‌ನಿಂದ ರೀಲರ್ನ್ ಕೊಡಬೇಕಾಗುತ್ತೆ.

ಮೂರನೇಗೇರ್
ನಿಮ್ಮದು ಕೇಬಲ್ಲಾ ಅಂತ ಕೇಳೋ ಮೊದಲೇ ಹೇಳ್ತೀನಿ, ಕೇಬಲ್. ಈ ವಾರ ಥ್ರಾಟಲ್ ಒರೆಸ್ತೀನಿ, ಆಯಿಲ್ ಬದಲಿಸೋಕೆ ಇನ್ನೂ 800 ಕಿ.ಮೀ. ಇದೆ, ಬಾಟಲಿ ಈಗಲೇ. ಟ್ಯಾಂಕ್ ಮುಗಿದ ಮೇಲೆ ಮೂರೂ ಟ್ರಿಮ್ ಇಲ್ಲೇ ಹಾಕ್ತೀನಿ.

ಮಲ್ಟಿಮೀಟರ್
ಬ್ಯಾಟರಿ ಮೈನಸ್ ತೆಗೆದಿದ್ರಿ ಅಲ್ವಾ, ಬಹಳ ಗಾಡಿಗಳಲ್ಲಿ ಲಾಂಗ್ ಟ್ರಿಮ್ ಅಳಿಸಿ ಹೋಗಿರುತ್ತೆ. ಕನಿಷ್ಠ ಎರಡು ಮೂರು ದಿನ ಎಲ್ಲಾ ಥರದ ರಸ್ತೆಯಲ್ಲಿ ಓಡಿಸಿ, ಈಗಿನ ಟ್ರಿಮ್ ಇನ್ನೊಮ್ಮೆ ಓದಿ ಬರ್ಕೊಳ್ಳಿ. ಬಾಟಲಿ ಅದಾದ ಮೇಲೆ.